ಎಂಟೂವರೆಗೆ ಅಳೆದ ಮಳೆ

ಅಮ್ಮ ತೀರಿಕೊಂಡ ಹದಿನೈದನೇ ದಿನ ತಮ್ಮ ಪಂಚಾಯಿತಿಯಿಂದ ಮರಣ ನೋಂದಣಿಯ ಫಾರಂ ತಂದು, ಜಗಲಿಯಲ್ಲಿ ಕೂತು ತುಂಬುತ್ತಿದ್ದ. ಹೆಸರು, ಗಂಡನ ಹೆಸರು, ವಯಸ್ಸು, ಸಾವಿಗೆ ಕಾರಣ. ಉದ್ಯೋಗ ಅನ್ನುವ ಸಾಲಿಗೆ ಬಂದಾಗ ಒಂದು ಕ್ಷಣವೂ ತಡೆಯದೆ ‘ಗೃಹಿಣಿ’ ಅಂತ ಬರೆದು ಮುಂದೆ ಹೋದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಫಾರಂ ನನ್ನ ಕೈಗೆ ಬಂದಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಆದರೆ ನಾನು ಕೂತ ಜಾಗದಿಂದ ಅಂಗಳದ ಮೂಲೆಯ ಮಳೆ ಡಬ್ಬ ಕಾಣುತ್ತಿತ್ತು. ಆಷಾಢದ ಮಳೆ. ಎರಡು ವಾರದಿಂದ ಯಾರೂ ಅದರ ನೀರು ಚೆಲ್ಲಿರಲಿಲ್ಲ. ಡಬ್ಬ ತುಂಬಿ ಆಲಿಕೆಯ ಬಾಯಿವರೆಗೂ ನೀರು ಬಂದಿತ್ತು, ಅದರ ಮೇಲೆ ಮತ್ತೆ ಮಳೆ ಬಿದ್ದು ಸುತ್ತಲೂ ಹರಿದು ಹೋಗುತ್ತಿತ್ತು. ಆ ಡಬ್ಬ ಅಂಗಳಕ್ಕೆ ಬಂದ ಮೇಲೆ ಅಮ್ಮ ಅಳೆಯದೆ ಹರಿದುಹೋದ ಮಳೆ ಬಹಳ ಕಡಿಮೆ.

ಅವತ್ತಿನಿಂದ ಆ ಒಂದು ಪದ ನನ್ನನ್ನು ಬಿಟ್ಟಿಲ್ಲ. ಗೃಹಿಣಿ ಅನ್ನುವುದು ಸಣ್ಣ ಪದ ಅಂತ ನನಗೆ ಬೇಸರವಲ್ಲ. ಅಮ್ಮ ಮನೆಯನ್ನು ಪೂರ್ತಿ ಮನಸ್ಸಿಟ್ಟು ನಡೆಸಿದಳು, ಅದನ್ನು ಯಾರಾದರೂ ಹಗುರ ಮಾಡಿದರೆ ನನಗೇ ಸಿಟ್ಟು ಬರುತ್ತದೆ. ಬೇಸರ ಬೇರೆಯದು. ಅವಳು 1966ರಲ್ಲಿ ಮೈಸೂರಿನಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿ ಬಿಎಸ್ಸಿ ಮುಗಿಸಿದವಳು. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಡುವ ಆಸೆ ಇತ್ತು ಅಂತ ದೊಡ್ಡಮ್ಮ ಹೇಳಿದ್ದು ಕೇಳಿದ್ದೇನೆ. ಅಮ್ಮನ ಬಾಯಲ್ಲಿ ಒಂದು ಸಲವೂ ಕೇಳಿಲ್ಲ. ನಾನೂ ಕೇಳಲಿಲ್ಲ. ಅದೇ ವರ್ಷ ತೀರ್ಥಹಳ್ಳಿ ಕಡೆಯ ಈ ಅಡಿಕೆ ತೋಟದ ಮನೆಗೆ ಸೊಸೆಯಾಗಿ ಬಂದಳು. ಆಮೇಲೆ ಐವತ್ತಕ್ಕೂ ಹೆಚ್ಚು ವರ್ಷ ಅವಳು ಮಾಡಿದ ಕೆಲಸಗಳಲ್ಲಿ ಅರ್ಧ ಭಾಗಕ್ಕೆ ನಾವು ಯಾರೂ ಹೆಸರೇ ಇಟ್ಟಿರಲಿಲ್ಲ.

ಹನ್ನೊಂದು ಪಾಯಿಂಟ್ ಮೂರು

ಮಳೆ ಡಬ್ಬದ ಆಲಿಕೆ ಮಾಡಿಸಲು ಹೋದಾಗ ನಾನೂ ಜೊತೆಗಿದ್ದೆ. ನನಗೆ ಐದೋ ಆರೋ ವರ್ಷ. ಪೇಟೆಯಲ್ಲಿ ತಗಡಿನ ಕೆಲಸದ ಸಾಹೇಬರ ಅಂಗಡಿ. ಅಮ್ಮ ಚೀಲದಿಂದ ದಪ್ಪ ರಟ್ಟಿನ ಒಂದು ಬಿಲ್ಲೆ ತೆಗೆದು ಕೊಟ್ಟಳು. ಆಲಿಕೆಯ ಬಾಯಿ ಸರಿಯಾಗಿ ಇಷ್ಟೇ ಇರಬೇಕು, ಒಳ ಅಂಚಿನಿಂದ ಒಳ ಅಂಚಿಗೆ ಹನ್ನೊಂದು ಪಾಯಿಂಟ್ ಮೂರು ಸೆಂಟಿಮೀಟರ್, ಅಂದಳು. ಸಾಹೇಬರು ಬಿಲ್ಲೆಯನ್ನು ತಿರುಗಿಸಿ ನೋಡಿ, “ಸೀಮೆಎಣ್ಣೆ ಹುಯ್ಯೋ ಆಲಿಕೆಗೆ ಇಷ್ಟೆಲ್ಲ ಲೆಕ್ಕ ಯಾಕಮ್ಮ?” ಅಂದರು. “ಎಣ್ಣೆಗಲ್ಲ ಸಾಹೇಬ್ರೆ, ಮಳೆಗೆ.” ಅವರು ಮತ್ತೇನೂ ಕೇಳಲಿಲ್ಲ. ತಗಡು ಕತ್ತರಿಸಿ, ಬಗ್ಗಿಸಿ, ಬೆಸುಗೆ ಹಾಕಿ, ಬಿಲ್ಲೆಯನ್ನು ಬಾಯಿಗೆ ಇಟ್ಟು ನೋಡಿದರು. ಒಂದು ಕಡೆ ಕೂದಲೆಳೆಯಷ್ಟು ತಾಗುತ್ತಿತ್ತು. ಅರ ತೆಗೆದುಕೊಂಡು ಉಜ್ಜಿದರು, ಮತ್ತೆ ಇಟ್ಟು ನೋಡಿದರು. ಬಿಲ್ಲೆ ಸಲೀಸಾಗಿ ಕೂತಾಗ ಇಬ್ಬರೂ ಒಟ್ಟಿಗೆ ತಲೆ ಆಡಿಸಿದರು. ಏಳೆಂಟು ವರ್ಷದ ಮೇಲೆ ಆ ಆಲಿಕೆ ತುಕ್ಕು ಹಿಡಿದು ಹೊಸದು ಬೇಕಾದಾಗ ಅಮ್ಮ ಮತ್ತೆ ಅಲ್ಲಿಗೇ ಹೋದಳು. ಸಾಹೇಬರು ಎದ್ದು ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಅದೇ ರಟ್ಟಿನ ಬಿಲ್ಲೆಯನ್ನು ತೆಗೆದುಕೊಂಡರಂತೆ.

ಲೆಕ್ಕ ಸುಲಭದ್ದು, ಆದರೆ ನನಗೆ ಅರ್ಥವಾಗಿದ್ದು ಹೈಸ್ಕೂಲಿಗೆ ಬಂದ ಮೇಲೆ. ಆ ಅಳತೆಯ ಬಾಯಿಯ ವಿಸ್ತೀರ್ಣ ನೂರು ಚದರ ಸೆಂಟಿಮೀಟರ್. ಅದರ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಡಬ್ಬದಲ್ಲಿ ಹತ್ತು ಮಿಲಿಲೀಟರ್ ನೀರು ಸೇರುತ್ತದೆ. ಅಂದರೆ ಕೆಮ್ಮಿನ ಔಷಧಿಯ ಮುಚ್ಚಳ ಒಂದು ಸಲ ತುಂಬಿದರೆ ಒಂದು ಮಿಲಿಮೀಟರ್. ಹಾಲು ಅಳೆಯುವ ನೂರು ಮಿಲಿಯ ಅಳತೆ ತುಂಬಿದರೆ ಹತ್ತು. ಲೀಟರ್ ಅಳತೆ ತುಂಬಿದರೆ ನೂರು. ಮಳೆಗಾಲದಲ್ಲಿ ಅಮ್ಮ ದಿನಾ ಬೆಳಿಗ್ಗೆ ಎಂಟೂವರೆಗೆ ಡಬ್ಬ ಎತ್ತಿ ಮೊದಲು ಲೀಟರ್, ಆಮೇಲೆ ನೂರು, ಉಳಿದದ್ದಕ್ಕೆ ಮುಚ್ಚಳ, ಹೀಗೆ ಅಳೆಯುತ್ತಿದ್ದಳು. ನೂರು, ಹತ್ತು, ಬಿಡಿ. ನಾನೂ ತಮ್ಮನೂ ಸ್ಥಾನಬೆಲೆ ಕಲಿತದ್ದು ಮಳೆನೀರಿನಲ್ಲೇ. ಎಂಟೂವರೆಯೇ ಯಾಕೆ ಅಂದರೆ, ಹವಾಮಾನ ಇಲಾಖೆಯವರು ದೇಶದ ಉದ್ದಗಲಕ್ಕೂ ಮಳೆ ಅಳೆಯುವುದು ಆ ಹೊತ್ತಿಗೇ. ಹೊತ್ತು ಒಂದೇ ಆದರೆ ಮಾತ್ರ ನಮ್ಮ ಮಳೆಯನ್ನು ಆಗುಂಬೆಯ ಮಳೆಯ ಪಕ್ಕದಲ್ಲಿಟ್ಟು ನೋಡಬಹುದು ಅಂತ ಅವಳ ಮಾತು. ಎರಡೂವರೆ ಮಿಲಿಮೀಟರ್ ಆಗದಿದ್ದರೆ ಆ ದಿನವನ್ನು ಅವಳು ಮಳೆದಿನ ಅಂತ ಲೆಕ್ಕ ಹಿಡಿಯುತ್ತಿರಲಿಲ್ಲ. ಅದೂ ಇಲಾಖೆಯದ್ದೇ ನಿಯಮ. ಅಂಗಳ ಒದ್ದೆಯಾಗಿದೆಯಲ್ಲ ಅಂತ ನಾವು ಜಗಳ ತೆಗೆಯುತ್ತಿದ್ದೆವು.

ಅಳೆದದ್ದನ್ನೆಲ್ಲ ಅಮ್ಮ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಳು: ತಾರೀಖಿನ ಪಕ್ಕ ಮಿಲಿಮೀಟರ್, ಅದರ ಪಕ್ಕ ಮಳೆ ನಕ್ಷತ್ರ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ. ನಕ್ಷತ್ರದ ಕಾಲಂ ಅಜ್ಜಿಯ ಪಾಲು. ಯಾವ ಮಳೆ ಯಾವತ್ತು ಹುಟ್ಟುತ್ತದೆ, ಯಾವ ಪಾದದಲ್ಲಿ ಜೋರಾಗುತ್ತದೆ ಅನ್ನುವುದು ಅಜ್ಜಿಗೆ ಬಾಯಿಪಾಠ. ಅಮ್ಮ ಅದನ್ನು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದಳು. ಈ ಪುಸ್ತಕ ಶೋಕಿಗಾಗಿ ಇದ್ದದ್ದಲ್ಲ. ಅಡಿಕೆಗೆ ಕೊಳೆ, ಅಂದರೆ ಕಾಯಿ ಕೊಳೆತು ಉದುರುವ ರೋಗ, ಬೀಳುವುದು ಎಡೆಬಿಡದ ಮಳೆಯಲ್ಲಿ. ಮೊದಲ ಸಲ ಔಷಧಿ ಹೊಡೆಸಿ ನಲವತ್ತು ನಲವತ್ತೈದು ದಿನಕ್ಕೆ ಎರಡನೇ ಸಲ ಹೊಡೆಸಬೇಕು, ನಡುವೆ ಎಷ್ಟು ಮಳೆ ತೊಳೆದುಕೊಂಡು ಹೋಗಿದೆ ಅನ್ನುವುದು ಪುಸ್ತಕದಲ್ಲಿ ಇರುತ್ತಿತ್ತು. ಅಪ್ಪ ಔಷಧಿ ಹೊಡೆಸುವ ದಿನ ಗೊತ್ತು ಮಾಡುವ ಮುಂಚೆ ಆ ಪುಸ್ತಕ ಕೇಳಿ ತರಿಸಿಕೊಳ್ಳುತ್ತಿದ್ದರು.

ಔಷಧಿ ಅಂದರೆ ಬೋರ್ಡೋ ದ್ರಾವಣ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದು, ಕೊಳೆರೋಗದ ಮೂಲ ಹುಡುಕಿ, ಇದನ್ನು ನಮ್ಮ ತೋಟಗಳಲ್ಲಿ ರೂಢಿಗೆ ತಂದ ಮೇಲೆ ಮಲೆನಾಡಿನ ಮನೆಮನೆಯಲ್ಲೂ ಇದು ಗೊತ್ತು. ಆದರೆ ಸುಣ್ಣ ಹಳತಾಗಿದ್ದರೆ ಹದ ತಪ್ಪುತ್ತದೆ, ತಾಮ್ರ ಮಿಕ್ಕಿ ಎಳೆಗಾಯಿಯನ್ನೇ ಸುಡುತ್ತದೆ. ಅಮ್ಮ ಬೂದಿಯಲ್ಲಿ ತಿಕ್ಕಿ ಹೊಳಪು ಬರಿಸಿದ ಕತ್ತಿಯೊಂದನ್ನು ಪೀಪಾಯಿಯಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತುತ್ತಿದ್ದಳು. ಅಲಗು ಕೆಂಪಗಾಗಿದ್ದರೆ ಕಬ್ಬಿಣದ ಮೇಲೆ ತಾಮ್ರ ಕೂತಿದೆ ಅಂತ ಲೆಕ್ಕ, ಇನ್ನೂ ಸುಣ್ಣ ಹಾಕಬೇಕು. ಬೆಳ್ಳಗೇ ಇದ್ದರೆ ಸರಿ. ಮರ ಹತ್ತಿ ಔಷಧಿ ಹೊಡೆಯುವ ನಮ್ಮ ಕೊನೆಗಾರ ಎಂಥಾ ಅವಸರವಿದ್ದರೂ “ಅಮ್ಮಾರು ಕತ್ತಿ ಅದ್ಲಿ” ಅಂತ ಕಾಯುತ್ತಿದ್ದ. ಕಾಲೇಜಿನ ಲ್ಯಾಬಿನಲ್ಲಿ ಕಲಿತ ಧಾತುಗಳ ಪಲ್ಲಟ, ಒಂದು ಲೋಹದ ಜಾಗಕ್ಕೆ ಇನ್ನೊಂದು ಬಂದು ಕೂರುವುದು, ಅವಳ ಕೈಯಲ್ಲಿ ಹೀಗೆ ಉಳಿದಿತ್ತು.

ನಡುಮನೆಗೆ ಬಂದ ಗ್ರಹಣ

1980ರ ಫೆಬ್ರವರಿ 16, ಶನಿವಾರ. ಅಂಕೋಲಾ, ಗದಗ, ರಾಯಚೂರಿನ ಮೇಲೆ ಹಾದುಹೋದ ಆ ಖಗ್ರಾಸ ಸೂರ್ಯಗ್ರಹಣ ನನ್ನ ಓರಗೆಯ ಎಲ್ಲರಿಗೂ ನೆನಪಿರುತ್ತದೆ. ನಮ್ಮೂರು ಆ ಪಟ್ಟಿಯಿಂದ ದಕ್ಷಿಣಕ್ಕೆ ಬೀಳುತ್ತಿತ್ತು, ಸೂರ್ಯ ಪೂರ್ತಿ ಮುಚ್ಚದೆ ಒಂದು ಎಳೆ ಉಳಿಯುತ್ತಿತ್ತು. ಆದರೂ ಹೆದರಿಕೆಗೇನೂ ಕಡಿಮೆ ಇರಲಿಲ್ಲ. ಚಿಕ್ಕಮ್ಮ ಬಸುರಿ. ಅಜ್ಜಿ ಬೆಳಿಗ್ಗೆಯೇ ಎಲ್ಲರಿಗೂ ಊಟ ಹಾಕಿ ಮುಗಿಸಿ, ಉಪ್ಪಿನಕಾಯಿ ಭರಣಿ, ಹಾಲು, ನೀರಿನ ಕೊಡ ಎಲ್ಲದರ ಮೇಲೂ ದರ್ಭೆ ಇಟ್ಟು, ಹೊರಬಾಗಿಲು ಹಾಕಿಸಿದಳು. ದನಗಳನ್ನೂ ಬಿಡಲಿಲ್ಲ. ನನಗೆ ಹೊರಗೆ ಹೋಗಬೇಕು ಅಂತ ಆಸೆ, ಅಮ್ಮನಿಗೆ ನನಗಿಂತ ಹೆಚ್ಚು. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹಠ ಮಾಡಿ ಹೋಗಬಹುದಿತ್ತು, ಅಪ್ಪ ತಡೆಯುತ್ತಿರಲಿಲ್ಲ. ಆದರೆ ಬಸುರಿ ಹೆಂಗಸು ಹೆದರಿಕೊಂಡು ಕೂತ ಮನೆಯಲ್ಲಿ ಬಾಗಿಲು ತೆಗೆದು ಹೋಗುವುದು ಅವಳಿಗೆ ಸರಿ ಕಾಣಲಿಲ್ಲ.

ನಮ್ಮ ನಡುಮನೆಯ ಮಾಡಿನಲ್ಲಿ ಒಂದೆರಡು ಹಂಚು ಬಿರುಕು ಬಿಟ್ಟಿದ್ದವು. ಮಧ್ಯಾಹ್ನ ದಾಟಿದ ಮೇಲೆ ಆ ಸಂದಿಯಿಂದ ಬಿಸಿಲ ಕೋಲು ಇಳಿದು ನೆಲದ ಮೇಲೆ ರೂಪಾಯಿ ಅಗಲದ ಬೆಳಕಿನ ಬಿಲ್ಲೆಗಳು ಬೀಳುತ್ತಿದ್ದವು. ಅವುಗಳನ್ನು ಅಂಗೈಯಲ್ಲಿ ಹಿಡಿಯುವುದು ನಮ್ಮ ದಿನದ ಆಟ. ಅವತ್ತು ಎರಡೂವರೆ ದಾಟಿದ ಮೇಲೆ ಅಮ್ಮ ಅಪ್ಪನ ಬಿಳಿ ಪಂಚೆಯನ್ನು ತಂದು ನಾಲ್ಕು ಮಡಿಕೆ ಮಾಡಿ ಆ ಬಿಲ್ಲೆಗಳ ಕೆಳಗೆ ಹಾಸಿದಳು. “ನೋಡು” ಅಂದಳು. ಬಿಲ್ಲೆಯ ಒಂದು ಅಂಚು ಇಲಿ ಕಚ್ಚಿದ ಹಾಗೆ ಸವೆದಿತ್ತು. ಪಕ್ಕದ ಬಿಲ್ಲೆಯದ್ದೂ ಅದೇ ಅಂಚು, ಅಷ್ಟೇ. ನಾನು ಮೇಲೆ ಹಂಚು ನೋಡಿದೆ, ಹಂಚಿಗೆ ಏನೂ ಆಗಿರಲಿಲ್ಲ. ಅಮ್ಮ ಮೆಲ್ಲಗೆ ಹೇಳಿದಳು: “ಇಷ್ಟು ದಿನ ಇದು ದುಂಡಗೆ ಬೀಳ್ತಿದ್ದಿದ್ದು ತೂತು ದುಂಡಗಿದೆ ಅಂತ ಅಲ್ಲ. ಸೂರ್ಯ ದುಂಡಗಿದ್ದಾನೆ ಅಂತ. ನೀನು ದಿನಾ ಅಂಗೈಲಿ ಹಿಡೀತಿದ್ದಿದ್ದು ಸೂರ್ಯನ್ನೇ.”

ಬಿಲ್ಲೆ ಅರ್ಧವಾಯಿತು, ಬಿದಿಗೆ ಚಂದ್ರನ ಹಾಗಾಯಿತು, ಆಮೇಲೆ ಕೊಯ್ದ ಉಗುರಿನ ಹಾಗೆ. ಮೂರೂಮುಕ್ಕಾಲರ ಹೊತ್ತಿಗೆ ಮನೆಯೊಳಗೆ ಬೂದು ಬಣ್ಣದ ಕತ್ತಲೆ, ಕೋಳಿಗಳು ಗೂಡಿಗೆ ಹತ್ತುವ ಸದ್ದು, ಕೊಟ್ಟಿಗೆಯಲ್ಲಿ ದನದ ಕೂಗು. ಪಂಚೆಯ ಮೇಲೆ ಎರಡು ಬೆಳಕಿನ ಕುಡುಗೋಲು. ಚಿಕ್ಕಮ್ಮ ಒಳಗಿನ ಕೋಣೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಜಪಮಣಿ ಹಿಡಿದು ಗೋಡೆ ಕಡೆ ಮುಖ ಮಾಡಿ ಕೂತಿದ್ದ ಅಜ್ಜಿ ಯಾವಾಗ ತಿರುಗಿದಳೋ ಗೊತ್ತಾಗಲಿಲ್ಲ. ಬಹಳ ಹೊತ್ತು ಪಂಚೆಯನ್ನೇ ನೋಡಿದಳು. ಆಮೇಲೆ ಅಮ್ಮನಿಗೆ ಅಂದಳು: “ನಾ ಹೊರಗೆ ಹೋಗ್ಲಿಲ್ಲ. ಅದೇ ಒಳಗೆ ಬಂತಲ್ಲೇ ಮಾರಾಯ್ತಿ.” ಬೈಗುಳವಲ್ಲ ಅದು. ಮನೆಗೆ ನೆಂಟರು ಬಂದಾಗ ಹೇಳುವ ದನಿ. ಗ್ರಹಣ ಬಿಟ್ಟ ಮೇಲೆ ಎಲ್ಲರಿಗೂ ಸ್ನಾನವಾಯಿತು, ಪಂಚೆಯನ್ನೂ ನೆನೆಸಿ ಒಗೆದದ್ದಾಯಿತು.

ಆ ಮಧ್ಯಾಹ್ನ ಇಬ್ಬರಲ್ಲಿ ಯಾರೂ ಗೆದ್ದಿರಲಿಲ್ಲ. ಇಬ್ಬರೂ ತಮ್ಮ ಜಾಗ ಬಿಟ್ಟು ಏಳಲಿಲ್ಲ, ಆದರೂ ಇಬ್ಬರೂ ಒಂದೇ ಸೂರ್ಯನನ್ನು ನೋಡಿದರು.

ಮೂರು ತಲೆಮಾರು

ಅಮ್ಮ ಹೋದ ಮೇಲೆ ನಾನು ಅವಳ ಹಾಗೆ ವಿಜ್ಞಾನಕ್ಕೆ ಮನಸ್ಸು ಕೊಟ್ಟ ಹೆಂಗಸರ ಬದುಕನ್ನು ಓದತೊಡಗಿದೆ. ಮೊದಲು ಕೈಗೆ ಸಿಕ್ಕವರು ಎಂಜಿನಿಯರ್ ರಾಜೇಶ್ವರಿ ಚಟರ್ಜಿ. 1922ರಲ್ಲಿ ಹುಟ್ಟಿದ ನಂಜನಗೂಡಿನವರು. ಅವರ ಅಜ್ಜಿ ಕಮಲಮ್ಮ ದಾಸಪ್ಪ, ಮೈಸೂರು ಸಂಸ್ಥಾನದಲ್ಲಿ ಪದವಿ ಪಡೆದ ಮೊದಮೊದಲ ಹೆಂಗಸರಲ್ಲಿ ಒಬ್ಬರು, ವಿಧವೆಯರ ಮತ್ತು ಗಂಡ ಬಿಟ್ಟವರ ಓದಿಗಾಗಿ ದುಡಿದವರು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಅಂತ ಈಗ ಕರೆಯುವ ಟಾಟಾ ಇನ್‌ಸ್ಟಿಟ್ಯೂಟ್ ಸೇರಿ, 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಹಡಗು ಹತ್ತಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಡಾಕ್ಟರೇಟ್ ಹಿಡಿದು ಬಂದು ಅದೇ ಇನ್‌ಸ್ಟಿಟ್ಯೂಟಿನಲ್ಲಿ ಅಧ್ಯಾಪಕಿಯಾದರು. ಅದೇ ವರ್ಷ ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಗಂಡ ಹೆಂಡತಿ ಸೇರಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. ರೇಡಾರಿಗೆ, ವಿಮಾನಕ್ಕೆ ಬೇಕಾದ ಆಂಟೆನಾಗಳ ಕೆಲಸ. ಇಪ್ಪತ್ತು ಮಂದಿ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದರು. 1982ರಲ್ಲಿ ನಿವೃತ್ತರಾದ ಮೇಲೆ ಹೆಂಗಸರ ಬದುಕಿನ ಅಧ್ಯಯನಕ್ಕೆ ತೊಡಗಿಕೊಂಡರು, 2010ರಲ್ಲಿ ತೀರಿಕೊಂಡರು. ಮಗಳು ಇಂದಿರಾ ಚಟರ್ಜಿ ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು.

ಇಂಥವರ ಬಗ್ಗೆ ಬರೆಯುವಾಗೆಲ್ಲ ಒಂದು ಪ್ರಶ್ನೆ ಕೇಳುವುದು ವಾಡಿಕೆಯಾಗಿಬಿಟ್ಟಿದೆ: ಮನೆ, ವಿಜ್ಞಾನ ಎರಡನ್ನೂ ಹೇಗೆ ತೂಗಿಸಿದರು? ಈ ಪ್ರಶ್ನೆಯೇ ತಪ್ಪು ಅಂತ ನನಗೆ ಈಗ ಅನ್ನಿಸುತ್ತದೆ. ಒಂದು ತಟ್ಟೆಯಲ್ಲಿ ಮನೆ, ಇನ್ನೊಂದರಲ್ಲಿ ಓದು ಇಟ್ಟು ತೂಗುವುದಕ್ಕೆ ಇವೆರಡು ಬೇರೆ ಬೇರೆ ಸಾಮಾನುಗಳಲ್ಲ. ರಾಜೇಶ್ವರಿಯವರಿಗಿಂತ ಮೊದಲೇ ಅವರ ಮನೆಯಲ್ಲಿ ಓದು ಇತ್ತು. ಅಜ್ಜಿ ಅದನ್ನು ಮನೆಯೊಳಗೆ ತಂದಿದ್ದರು. ಗಂಡನ ಮನೆಯಲ್ಲಿ ಅದು ದಂಪತಿಗಳ ಜಂಟಿ ಕೆಲಸವಾಯಿತು, ಮಗಳಿಗೆ ಹೋಯಿತು. ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿಯವರ ಕಥೆಯೂ ಹಾಗೇ. ಅವರ ಅಪ್ಪ, ಚಿಕ್ಕಪ್ಪ ಇಬ್ಬರೂ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ರಸಾಯನಶಾಸ್ತ್ರ ಕಲಿತವರು. ಅವರ ಮನೆಯ ಹುಡುಗಿ 1933ರಲ್ಲಿ ಬಿಎಸ್ಸಿ ಮುಗಿಸಿ ಅಲ್ಲಿಗೇ ಬಂದು ನಿಂತಾಗ, ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣು ಅನ್ನುವ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಇವರು ಬಿಟ್ಟು ಹೋಗಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷೆಗೆ ಇಟ್ಟು ನೋಡುವ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಅಲ್ಲಿನ ಶ್ರೀನಿವಾಸಯ್ಯನವರ ಕೈಕೆಳಗೆ ಹಾಲಿನ, ಬೇಳೆಕಾಳಿನ ಪ್ರೊಟೀನಿನ ಮೇಲೆ ಕೆಲಸ ಮಾಡಿದರು. ಅಲ್ಲಿಂದ ಕೇಂಬ್ರಿಜ್‌ಗೆ ಹೋಗಿ, ಸಸ್ಯದ ಜೀವಕೋಶಗಳಲ್ಲಿ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಅನ್ನುವ ಪ್ರೊಟೀನ್ ಇರುವುದನ್ನು ತೋರಿಸಿ, 1939ರಲ್ಲಿ ಡಾಕ್ಟರೇಟ್ ಪಡೆದರು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರು. 1947ರಲ್ಲಿ ಮದುವೆಯಾಗಿ ಮುಂಬೈಗೆ ಹೋದ ಮೇಲೂ ಅವರ ಕೆಲಸ ಅಡುಗೆಮನೆಗೆ ಹತ್ತಿರದ್ದೇ ಆಗಿತ್ತು: ನೀರಾ, ಬೇಳೆ, ಹಾಲು, ಬಡ ಮಕ್ಕಳ ಊಟ.

ಅವರಿಗೆ ಅಡ್ಡ ನಿಂತದ್ದು ಸಂಸ್ಥೆಯ ಬಾಗಿಲು. ಮನೆಯ ಬಾಗಿಲು ತೆರೆದೇ ಇತ್ತು. ನನ್ನ ಅಮ್ಮನ ವಿಷಯ ತಿರುಗುಮುರುಗು. ಕಾಲೇಜಿನ ಬಾಗಿಲು ಅಷ್ಟು ಹೊತ್ತಿಗೆ ತೆರೆದಿತ್ತು. ಅವಳ ತವರಿನ ದೊಡ್ಡವರು ಒಳ್ಳೆಯ ಸಂಬಂಧ ಬಂತು ಅಂತ ಮುಂದಿನ ಓದನ್ನು ಅಲ್ಲಿಗೇ ನಿಲ್ಲಿಸಿದರು. ಅವರು ಕೆಟ್ಟವರಲ್ಲ, ಮಗಳನ್ನು ಪ್ರೀತಿಸಿದವರು, ಅವಳಿಗೆ ಬಿಎಸ್ಸಿ ಓದಿಸಿದವರು. ಇನ್ನೂ ಎರಡು ವರ್ಷ ಅಂತ ಹೇಳುವವರು ಒಬ್ಬರು ಆ ಮನೆಯಲ್ಲಿ ಇರಲಿಲ್ಲ, ಅಷ್ಟೇ. ಒಬ್ಬ ಕಮಲಮ್ಮ ದಾಸಪ್ಪ ಇರಲಿಲ್ಲ. ಈ ಒಬ್ಬರು ಇದ್ದರೋ ಇಲ್ಲವೋ ಅನ್ನುವುದರ ಮೇಲೆ ಎಷ್ಟು ಹೆಂಗಸರ ಬದುಕು ಆ ಕಡೆಗೋ ಈ ಕಡೆಗೋ ಹೊರಳಿದೆ ಅಂತ ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಹವಾಮಾನ ವಿಜ್ಞಾನಿ ಅನ್ನಾ ಮಣಿಯವರ ಬಗ್ಗೆ ಓದಿದಾಗ ಅಮ್ಮ ಬಹಳ ನೆನಪಾದಳು. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ಕೆಲಸ ಮಾಡಿ ಪ್ರಬಂಧ ಒಪ್ಪಿಸಿದರೂ, ಎಂಎಸ್ಸಿ ಇಲ್ಲ ಅಂತ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಅವರು 1948ರಲ್ಲಿ ಹವಾಮಾನ ಇಲಾಖೆ ಸೇರಿ, ನೂರರಷ್ಟು ಹವಾಮಾನ ಉಪಕರಣಗಳ ನಕ್ಷೆಗಳನ್ನು ಒಂದು ಅಳತೆಗೆ ತಂದರು. ಎಲ್ಲಿ ಅಳೆದರೂ ಅಳತೆ ಒಂದೇ ಆಗಿರಬೇಕು, ತಪ್ಪು ಅಳತೆಗಿಂತ ಅಳೆಯದಿರುವುದೇ ಮೇಲು ಅನ್ನುವ ಶಿಸ್ತು ಅವರದ್ದು. ಅಮ್ಮ ಅವರ ಹೆಸರನ್ನೂ ಕೇಳಿರಲಿಲ್ಲ. ಆದರೆ ತಗಡಿನ ಅಂಗಡಿಯಲ್ಲಿ ರಟ್ಟಿನ ಬಿಲ್ಲೆ ಹಿಡಿದು ನಿಂತದ್ದು ಅದೇ ಶಿಸ್ತು.

ಖಾಲಿ ಸಾಲುಗಳು

ಮಳೆ ಪುಸ್ತಕಗಳನ್ನು ನಾನು ಶಿವಮೊಗ್ಗದ ಮನೆಗೆ ತಂದಿಟ್ಟುಕೊಂಡಿದ್ದೇನೆ. ಮೊದಲು ಅಂಕಿಗಳನ್ನು ನೋಡಿದೆ. ಒಂದೊಂದು ವರ್ಷದ ಆರಿದ್ರಾ ಹೇಗೆ ಸುರಿದಿದೆ, ಯಾವ ವರ್ಷ ಪುಷ್ಯ ಕೈಕೊಟ್ಟಿದೆ. ಆಮೇಲೆ ಅಂಕಿ ಇಲ್ಲದ ಸಾಲುಗಳು ಕಣ್ಣಿಗೆ ಬೀಳತೊಡಗಿದವು. ಅಳೆಯದ ದಿನವನ್ನು ಅಮ್ಮ ಅಂದಾಜಿನಲ್ಲಿ ತುಂಬುತ್ತಿರಲಿಲ್ಲ. ಸಾಲನ್ನು ಖಾಲಿ ಬಿಟ್ಟು ಪಕ್ಕದಲ್ಲಿ ಕಾರಣ ಬರೆಯುತ್ತಿದ್ದಳು. ‘ಹೆರಿಗೆ.’ ಅದು ತಮ್ಮ. ‘ಮಗಳಿಗೆ ಟೈಫಾಯ್ಡ್, ಆಸ್ಪತ್ರೆ’, ಹನ್ನೊಂದು ಸಾಲು. ‘ಮೈದುನನ ಮದುವೆ.’ ‘ಅತ್ತೆ ಹೋದರು’, ಅದರ ಕೆಳಗೆ ಹದಿಮೂರು ಖಾಲಿ ಸಾಲು. ನಮ್ಮ ಸಂಸಾರದ ಚರಿತ್ರೆಯನ್ನು ಯಾರಾದರೂ ಬರೆಯಬೇಕಾದರೆ ಮಳೆ ಬಿದ್ದ ದಿನಗಳನ್ನು ಬಿಟ್ಟು ಈ ಖಾಲಿ ಸಾಲುಗಳನ್ನು ಓದಿದರೆ ಸಾಕು. ಮನೆ ಕರೆದಾಗಲೆಲ್ಲ ಅವಳು ಎದ್ದು ಹೋಗಿದ್ದಾಳೆ, ಹೋದದ್ದನ್ನು ಮುಚ್ಚಿಡದೆ ಬರೆದಿದ್ದಾಳೆ, ವಾಪಸು ಬಂದ ಮರುದಿನ ಎಂಟೂವರೆಗೆ ಮತ್ತೆ ಡಬ್ಬ ಎತ್ತಿದ್ದಾಳೆ.

ಆದರೆ 1983ರ ಜುಲೈ ಹಾಗಿಲ್ಲ. ಆ ತಿಂಗಳು ಮೈಸೂರಿನ ಅಜ್ಜಿಗೆ ಹುಷಾರಿಲ್ಲ ಅಂತ ಅಮ್ಮ ತವರಿಗೆ ಹೋಗಿದ್ದಳು, ಇಪ್ಪತ್ತಮೂರು ದಿನ. ಹೊರಡುವಾಗ ಮಳೆ ಅಳೆಯುವುದನ್ನು ನನಗೆ ವಹಿಸಿದ್ದಳು. ನನಗೆ ಹನ್ನೆರಡು ವರ್ಷ, ಲೀಟರು, ಮುಚ್ಚಳ ಎಲ್ಲ ಚೆನ್ನಾಗಿ ಗೊತ್ತು. ಮೊದಲ ದಿನವೇ ಶಾಲೆಗೆ ಹೊತ್ತಾಗುತ್ತದೆ ಅಂತ ಬಿಟ್ಟುಬಿಟ್ಟೆ. ಅಮ್ಮ ಬಂದ ಮೇಲೆ ಬೈಯುತ್ತಾಳೆ ಅಂತ ಕಾದೆ, ಬೈಯಲಿಲ್ಲ. ಯಾಕೆ ಬೈಯಲಿಲ್ಲ ಅಂತ ಕೇಳುವ ಬುದ್ಧಿಯೂ ಇರಲಿಲ್ಲ, ಮರೆತೇಬಿಟ್ಟೆ.

ಈಗ ಪುಸ್ತಕ ತೆಗೆದು ನೋಡಿದರೆ ಜುಲೈ 9ರಿಂದ 31ರವರೆಗೆ ಒಂದು ಸಾಲೂ ಖಾಲಿ ಇಲ್ಲ. ತಲೆಬರಹದ ಹಾಗೆ ಮೇಲೆ ಅಮ್ಮನ ಅಕ್ಷರ: ‘ಅತ್ತೆ ಅಳೆದದ್ದು. ಗಡಿಯಾರ ಬರುವುದಿಲ್ಲವಾದ್ದರಿಂದ ಎಂಟೂವರೆ ಬಸ್ಸಿನ ಹಾರ್ನ್ ಕೇಳಿದ ಮೇಲೆ.’ ಅಜ್ಜಿಗೆ ಅಕ್ಷರವೂ ಬರುತ್ತಿರಲಿಲ್ಲ. ಬಚ್ಚಲಿನ ಪಕ್ಕದ ಗೋಡೆಯ ಮೇಲೆ ಅವಳು ಸುಣ್ಣದಲ್ಲಿ ಗುರುತು ಹಾಕಿದ್ದು ನನಗೆ ಮಸುಕಾಗಿ ನೆನಪಿದೆ. ಹಾಲಿನ ಲೆಕ್ಕ ಅಂದುಕೊಂಡಿದ್ದೆ. ಲೀಟರಿಗೆ ಒಂದು ಸೊನ್ನೆ, ನೂರು ಮಿಲಿಗೆ ಒಂದು ಗೀಟು, ಮುಚ್ಚಳಕ್ಕೆ ಒಂದು ಚುಕ್ಕೆ. ಅಮ್ಮ ಊರಿಂದ ಬಂದು ಗೋಡೆ ಮುಂದೆ ಕೂತು ಎಲ್ಲವನ್ನೂ ಪುಸ್ತಕಕ್ಕೆ ಇಳಿಸಿಕೊಂಡಿದ್ದಾಳೆ. ಎಲ್ಲೂ ಅನುಮಾನದ ಗುರುತು ಹಾಕಿಲ್ಲ, ತನ್ನ ಅಳತೆಗೆ ಕೊಟ್ಟಷ್ಟೇ ಬೆಲೆ ಕೊಟ್ಟಿದ್ದಾಳೆ. ನಕ್ಷತ್ರದ ಕಾಲಂನಲ್ಲಿ ಪುನರ್ವಸು, ಆಮೇಲೆ ಪುಷ್ಯ.

ಗೋಡೆಗೆ ಅದೆಷ್ಟೋ ಸಲ ಬಣ್ಣ ಬಳಿದಾಗಿದೆ, ಗುರುತು ಉಳಿದಿಲ್ಲ. ಪುಸ್ತಕದಲ್ಲಿ ಜುಲೈ 17ರ ಎದುರು ಮಾತ್ರ ಅಮ್ಮ ಅಂಕಿ ಬರೆಯುವ ಮೊದಲು ಗೋಡೆಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಬಿಡಿಸಿಕೊಂಡಿದ್ದಾಳೆ. ಒಂದು ಸೊನ್ನೆ, ಒಂದು ಗೀಟು, ಎರಡು ಚುಕ್ಕೆ. 112 ಮಿಮೀ. ಪಕ್ಕದಲ್ಲಿ: ‘ಅತ್ತೆಗೆ ಅವತ್ತು ಜ್ವರವಿತ್ತಂತೆ. ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗಿ ಅಳೆದಿದ್ದಾರೆ.’